ಕೈ ಒಡ್ಡಲು ಕಲಿಯುವುದು

ಮಂಗಳೂರಿನಿಂದ ಪೂರ್ವ ಆಫ್ರಿಕಾದ ಮಿಶನ್‌ಗೆ ಹೊರಡುವವರ ಪೆಟ್ಟಿಗೆ ಕಟ್ಟುವುದನ್ನು ಎಷ್ಟು ಸಲ ಕಂಡರೂ ಒಂದು ವಿಷಯ ಮನಸ್ಸಿನಲ್ಲಿ ಮುಳ್ಳಿನಂತೆ ಉಳಿದುಬಿಡುತ್ತದೆ. ವಿಮಾನದವರು ಬಿಡುವ 23 ಕಿಲೋದೊಳಗೆ ಜ್ವರದ ಮಾತ್ರೆ, ಗಾಯಕ್ಕೆ ಸುತ್ತುವ ಪಟ್ಟಿ, ಶಾಲೆಯ ಮಕ್ಕಳಿಗೆ ಪೆನ್ಸಿಲ್, ಹೊಲಿಗೆ ಕಲಿಸಲು ನೂಲಿನ ಉಂಡೆ ಎಲ್ಲ ಸೇರುತ್ತವೆ. ಮೂಲೆಯಲ್ಲಿ ಮನೆಯವರು ತುರುಕಿದ ಮಿಡಿ ಉಪ್ಪಿನಕಾಯಿ, ಒಣ ಸಿಗಡಿ ಚಟ್ನಿ. ಉಪ್ಪಿನಕಾಯಿ, ಚಟ್ನಿ ಬಿಟ್ಟರೆ ಉಳಿದದ್ದೆಲ್ಲ ಅಲ್ಲಿನವರಿಗೆ ಕೊಡುವುದಕ್ಕೆ. ಹೊರಡುವ ಮುಂಚಿನ ಭಾನುವಾರ ಇಗರ್ಜಿಯಲ್ಲಿ ಹೇಳುವ ಮಾತೂ ಕೊಡುವುದರದ್ದೇ. ಆದರೆ ಮೂರು ನಾಲ್ಕು ವರ್ಷ ಕಳೆದು ರಜೆಯಲ್ಲಿ ಬಂದ ಸಿಸ್ಟರ್‌ಗಳಾಗಲಿ, ಫಾದರ್‌ಗಳಾಗಲಿ, ನರ್ಸುಗಳಾಗಲಿ, ಚಹಾ ಕುಡಿಯುತ್ತ ಕೂತಾಗ ಕೊಟ್ಟದ್ದರ ಸುದ್ದಿ ಎತ್ತುವುದೇ ಇಲ್ಲ. ಅವರ ಬಾಯಲ್ಲಿ ಬರುವುದೆಲ್ಲ ಪಡೆದದ್ದರ ಸುದ್ದಿ: ಯಾರೋ ಕೈಗೆ ನೀರು ಸುರಿದದ್ದು, ಯಾರೋ ಕಾಲು ಕಟ್ಟಿದ ಕೋಳಿ ತಂದುಕೊಟ್ಟದ್ದು, ಜ್ವರ ಬಂದ ರಾತ್ರಿ ಯಾರೋ ಬಾಗಿಲ ಬಳಿ ಬೆಳಗಿನ ತನಕ ಕೂತದ್ದು.

ಕೊಡುವುದಕ್ಕೆ ಇಷ್ಟು ತಯಾರಿ ಮಾಡಿಸುವ ನಾವು ಪಡೆಯುವುದಕ್ಕೆ ಒಂದು ದಿನದ ತಯಾರಿಯನ್ನೂ ಮಾಡಿಸುವುದಿಲ್ಲ. ಮೊದಲ ವರ್ಷ ಆಗುವ ತಪ್ಪುಗಳಲ್ಲಿ ಹೆಚ್ಚಿನವು ಇಲ್ಲಿಂದಲೇ ಹುಟ್ಟುತ್ತವೆ. ಇನ್ನೊಂದು ಕಡೆ, ಆ ಊರಿನವರ ಒಳ್ಳೆಯತನವನ್ನು ಇಲ್ಲಿ ಬಣ್ಣಿಸುವಾಗ "ಬಡವರಾದರೂ ಎಷ್ಟು ಮುಗ್ಧ ಜನ" ಎಂಬ ಒಂದೇ ಸಾಲಿನಲ್ಲಿ ಮುಗಿಸಿಬಿಡುತ್ತೇವೆ. ಈ ಸಾಲು ನನಗೆ ಸರಿ ಕಾಣುವುದಿಲ್ಲ. ಅವರದು ಗೊತ್ತಿಲ್ಲದೆ ಸುಮ್ಮನೆ ಉಕ್ಕುವ ಒಳ್ಳೆಯತನ ಅಲ್ಲ. ಅದಕ್ಕೆ ಕ್ರಮ ಉಂಟು, ಖರ್ಚು ಉಂಟು, ಯಾರಿಗೆ ಎಷ್ಟು ಎಂಬ ಲೆಕ್ಕವೂ ಉಂಟು. ತಾಂಜಾನಿಯಾದ ಮಧ್ಯದ ಬಯಲು ಸೀಮೆ, ದೊಡೊಮಾ, ಸಿಂಗಿದಾ ಕಡೆಯದನ್ನು ಮುಂದಿಟ್ಟುಕೊಂಡು ಆ ಕ್ರಮವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು ಅನ್ನಿಸಿದೆ.

ಹೊಸ್ತಿಲ ಹೊರಗೆ

ಅಲ್ಲಿ ಬಾಗಿಲು ಬಡಿಯುವುದಕ್ಕಿಂತ ಕೂಗುವುದು ವಾಡಿಕೆ. ಅಂಗಳದ ಅಂಚಿನಲ್ಲಿ ನಿಂತು, ಅಲ್ಲಿನವರ ಸ್ವಾಹಿಲಿ ಭಾಷೆಯಲ್ಲಿ "ಹೋಡಿ" ಎನ್ನಬೇಕು. ಒಳಗಿನಿಂದ "ಕರಿಬು", ಅಂದರೆ ಬನ್ನಿ, ಎಂದು ಕೇಳಿದ ಮೇಲೆಯೇ ಮುಂದಿನ ಹೆಜ್ಜೆ. ಮೂರು ಸಲ ಕೂಗಿದರೂ ಉತ್ತರ ಬಾರದಿದ್ದರೆ ಹಿಂದಿರುಗಬೇಕು. ಬಾಗಿಲು ತೆರೆದೇ ಇರುತ್ತದೆ, ಒಳಗೆ ಪಾತ್ರೆ ಸದ್ದೂ ಕೇಳುತ್ತಿರುತ್ತದೆ, ಆದರೂ ಇಣುಕಬಾರದು. ಬರುವವರನ್ನು ಯಾವ ಹೊತ್ತಿನಲ್ಲಿ ಹೇಗೆ ಬರಮಾಡಿಕೊಳ್ಳಬೇಕೆಂದು ತಯಾರಾಗಲು ಮನೆಯವರಿಗೆ ಸಿಗುವ ಅವಕಾಶ ಅದು. ನಮ್ಮ ಕಡೆ ತಡಮೆ ದಾಟುವ ಮೊದಲು "ಯಾರಿದ್ದೀರಿ ಮನೆಯಲ್ಲಿ?" ಎಂದು ಕೂಗುತ್ತಿದ್ದದ್ದು ಇದೇ ಕಾರಣಕ್ಕೆ. ಕರೆಗಂಟೆ ಬಂದ ಮೇಲೆ ನಾವು ಆ ಮಾತನ್ನು ಮರೆತೆವು.

ಒಳಗೆ ಬಂದ ಮೇಲೆ ನಮಸ್ಕಾರದ ಸರದಿ. ಕಿರಿಯರು ಹಿರಿಯರಿಗೆ "ಶಿಕಮೋ" ಎನ್ನುತ್ತಾರೆ. "ನಿಮ್ಮ ಕಾಲು ಹಿಡಿಯುತ್ತೇನೆ" ಎಂಬ ಮಾತಿನಿಂದ ಹುಟ್ಟಿದ್ದು ಎನ್ನುತ್ತಾರೆ. ಹಿರಿಯರ ಉತ್ತರ "ಮರಹಬಾ". ಇಲ್ಲಿಂದ ಹೋದವರು "ಶಿಕಮೋ" ಹೇಳಲು ಬೇಗ ಕಲಿಯುತ್ತಾರೆ. ಎಡವುವುದು ಉತ್ತರ ಕೊಡುವುದರಲ್ಲಿ. ದಾರಿಯಲ್ಲಿ ಹತ್ತು ವರ್ಷದ ಮಗು ತಲೆಯ ಮೇಲೆ ಬಕೆಟ್ ಹೊತ್ತುಕೊಂಡೇ ನಿಂತು "ಶಿಕಮೋ" ಅಂದರೆ, ಇವರು ನಗುತ್ತ ಕೈಬೀಸಿ ಮುಂದೆ ಹೋಗಿಬಿಡುತ್ತಾರೆ. ಮಗು ಅಲ್ಲೇ ನಿಂತಿರುತ್ತದೆ. ಕಾಲು ಹಿಡಿದವರನ್ನು ಎತ್ತದೆ ದಾಟಿದ ಹಾಗೆ ಅದು. "ಮರಹಬಾ" ಅನ್ನಲು ಅರೆ ಕ್ಷಣ ಸಾಕು. ಅದನ್ನು ಹೇಳಲು ಕಲಿತವರಿಗೆ ಆ ಊರು ಎರಡೇ ತಿಂಗಳಲ್ಲಿ ತೆರೆದುಕೊಳ್ಳುತ್ತದೆ.

ಆಮೇಲೆ ವಿಚಾರಿಸುವ ಮಾತುಗಳ ಸರಪಳಿ. "ಹಬಾರಿ ಜಾ ಅಸುಬುಹಿ?" ಬೆಳಗಿನ ಸಮಾಚಾರ ಏನು, ಮನೆಯ ಸಮಾಚಾರ ಏನು, ಮಕ್ಕಳದ್ದೇನು, ಕೆಲಸದ್ದೇನು. ಪ್ರತಿಯೊಂದಕ್ಕೂ ಮೊದಲ ಉತ್ತರ "ನ್ಜೂರಿ", ಅಂದರೆ ಚೆನ್ನಾಗಿದೆ. ಮನೆಯಲ್ಲಿ ಸಾವಾಗಿದ್ದರೂ ಮೊದಲು "ನ್ಜೂರಿ" ಅಂದು, ಆಮೇಲೆ "ಲಾಕಿನಿ" ಎಂದು ಸೇರಿಸಿ ದುಃಖದ ಸುದ್ದಿಗೆ ಬರುತ್ತಾರೆ. "ಆದರೆ" ಎಂಬುದಕ್ಕೆ ಅವರ ಮಾತು ಅದು. ಆ "ಲಾಕಿನಿ"ವರೆಗೆ ಕಾಯುವ ತಾಳ್ಮೆ ಇಲ್ಲದವರಿಗೆ ಆ ಮನೆಯ ನಿಜವಾದ ಸುದ್ದಿ ಸಿಗುವುದೇ ಇಲ್ಲ. ಕ್ಲಿನಿಕ್ಕಿನಲ್ಲಿ ಕೆಲಸ ಮಾಡುವ ನರ್ಸುಗಳಿಗೆ ಇದು ಜೀವ ಮರಣದ ವಿಷಯ. ಮಗು ಹೇಗಿದೆ ಎಂದು ಕೇಳಿ, "ನ್ಜೂರಿ" ಎಂಬ ಉತ್ತರ ಬರೆದುಕೊಂಡು, ಮುಂದಿನ ರೋಗಿಯನ್ನು ಕರೆದರೆ ಆಯಿತು ಗತಿ.

ಗಂಟೆಯ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಸ್ವಾಹಿಲಿ ಗಡಿಯಾರ ಸೂರ್ಯೋದಯದಿಂದ ಶುರುವಾಗುತ್ತದೆ. ನಮ್ಮ ಬೆಳಗಿನ ಏಳು ಅವರಿಗೆ "ಸಾ ಮೋಜಾ", ಒಂದು ಗಂಟೆ. "ಸಾ ನಾನೆ"ಗೆ ಊಟಕ್ಕೆ ಬನ್ನಿ ಅಂದರೆ ಎಂಟು ಎಂದು ಅರ್ಥವಾಗುತ್ತದೆ, ಆದರೆ ಕರೆದದ್ದು ಮಧ್ಯಾಹ್ನ ಎರಡಕ್ಕೆ. ಬೆಳಿಗ್ಗೆ ಎಂಟಕ್ಕೆ ಹೋಗಿ ನಿಂತರೆ ಮನೆಯಾಕೆ ಆಗಷ್ಟೇ ನೀರಿಗೆ ಹೊರಟಿರುತ್ತಾರೆ. ಆದರೂ ತಪ್ಪಾಗಿದೆ ಎಂದು ಅವರು ಹೇಳುವುದಿಲ್ಲ. ಕುರ್ಚಿ ಹಾಕಿ, ಚಹಾ ಕೊಟ್ಟು, ಇಡೀ ದಿನದ ಕೆಲಸವನ್ನು ಬದಲಿಸಿಕೊಳ್ಳುತ್ತಾರೆ. ಆ ಬದಲಾವಣೆಯ ಭಾರ ಅತಿಥಿಗೆ ಕಾಣುವುದಿಲ್ಲ. ಹಾಗಾಗಿ ಸಮಯ ಹೇಳಿದಾಗ ಆರು ಗಂಟೆ ಕೂಡಿಸಿಯೋ ಕಳೆದೋ ನೋಡುವ ಅಭ್ಯಾಸ ಮೊದಲ ವಾರದಲ್ಲೇ ಬರಬೇಕು.

ನೀರು, ಹಿಟ್ಟು, ಕೋಲು

ಊಟದ ದೃಶ್ಯವನ್ನು ನಿಧಾನಕ್ಕೆ ನೋಡಬೇಕು. ಚಾಪೆಯ ಮೇಲೆ ಅತಿಥಿಯನ್ನು ಕೂರಿಸಿದ ಮೇಲೆ ಮನೆಯ ಹುಡುಗಿ ಒಂದು ಕೈಯಲ್ಲಿ ಜಗ್ಗು, ಇನ್ನೊಂದು ಕೈಯಲ್ಲಿ ಬೋಗುಣಿ ಹಿಡಿದು ಬರುತ್ತಾಳೆ. ಸ್ವಲ್ಪ ಬಾಗಿ, ಕೆಲವು ಕಡೆ ಮೊಣಕಾಲೂರಿ, ಬೋಗುಣಿಯನ್ನು ಅತಿಥಿಯ ಕೈ ಕೆಳಗೆ ಹಿಡಿಯುತ್ತಾಳೆ. ಎರಡೂ ಕೈಯನ್ನು ಬೋಗುಣಿಯ ಮೇಲೆ ಒಡ್ಡಬೇಕು. ಅವಳು ಸಣ್ಣ ಧಾರೆಯಾಗಿ ಸುರಿಯುತ್ತಾಳೆ, ಅತಿಥಿ ಉಜ್ಜಿಕೊಳ್ಳಬೇಕು, ಸಾಕು ಅನಿಸಿದಾಗ ಕೈಯನ್ನು ಒಮ್ಮೆ ಕೊಡವಿ "ಅಸಾಂತೆ", ಅಂದರೆ ಧನ್ಯವಾದ, ಎನ್ನಬೇಕು. ಮೊದಲು ಅತಿಥಿ, ಆಮೇಲೆ ಹಿರಿಯರು, ಕೊನೆಗೆ ಮಕ್ಕಳು.

ಆ ಜಗ್ಗಿನ ಹಿಂದೆ ಏನಿದೆ ಎಂಬುದು ಗೊತ್ತಿರಬೇಕು. ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ. ದೊಡೊಮಾದಲ್ಲಿ 600ರ ಆಸುಪಾಸು, ಅದೂ ಡಿಸೆಂಬರಿನಿಂದ ಏಪ್ರಿಲ್ ಒಳಗೆ. ಉಳಿದ ಏಳು ತಿಂಗಳು ನೀರೆಂದರೆ "ನ್ದೋ", ತಲೆಯ ಮೇಲೆ ಬರುವ 20 ಲೀಟರಿನ ಬಕೆಟ್. 20 ಲೀಟರ್ ಅಂದರೆ 20 ಕಿಲೋ, ಇಲ್ಲಿಂದ ಕಟ್ಟಿಕೊಂಡು ಹೋದ ಪೆಟ್ಟಿಗೆಯ ಹತ್ತಿರ ಹತ್ತಿರದ ತೂಕ. ಆರು ಮಂದಿಗೆ ಊಟಕ್ಕೆ ಮೊದಲು ಮತ್ತು ಊಟದ ನಂತರ ತಲಾ ಕಾಲು ಲೀಟರ್ ಹಿಡಿದರೂ ಮೂರು ಲೀಟರ್ ಕೈತೊಳೆಯುವುದಕ್ಕೇ ಹೋಗುತ್ತದೆ. ಊಟದ ನಂತರದ ನೀರನ್ನು ಎಷ್ಟೋ ಮನೆಗಳಲ್ಲಿ ಬಿಸಿ ಮಾಡಿ, ಸೋಪಿನ ಜೊತೆ ತರುತ್ತಾರೆ, ಸೌದೆಯ ಖರ್ಚೂ ಅದಕ್ಕೆ ಸೇರುತ್ತದೆ. ಇಷ್ಟು ದೂರದಿಂದ ಬಂದ ನೀರಿನ ಎದುರು ಕಿಸೆಯಿಂದ ಸ್ಯಾನಿಟೈಸರ್ ಬಾಟ್ಲಿ ತೆಗೆಯುವವರಿದ್ದಾರೆ. ಕೆಟ್ಟ ಮನಸ್ಸಿನಿಂದಲ್ಲ, ತೊಂದರೆ ಕೊಡುವುದು ಬೇಡ ಎಂಬ ಸಂಕೋಚದಿಂದ. ಜಗ್ಗು ಹಿಡಿದವಳಿಗೆ ಮಾತ್ರ ಅದು "ನಿಮ್ಮ ನೀರು ಬೇಡ" ಎಂದೇ ಕೇಳಿಸುತ್ತದೆ. "ನಾನೇ ತೊಳೆದುಕೊಳ್ತೇನೆ, ಕೊಡು" ಎಂದು ಜಗ್ಗು ಕಸಿದುಕೊಳ್ಳುವುದೂ ಅಷ್ಟೇ ನೋವಿನದು. ನಮ್ಮ ಕರಾವಳಿಯಲ್ಲಿ ಬಿಸಿಲಲ್ಲಿ ಬಂದವರ ಮುಂದೆ ಬೆಲ್ಲ ನೀರು ಇಟ್ಟಾಗ, ಬಂದವರು ಚೀಲದಿಂದ ತಮ್ಮ ಬಾಟ್ಲಿ ತೆಗೆದು ಕುಡಿದರೆ ಅಜ್ಜಿಯ ಮುಖ ಹೇಗಾಗುತ್ತದೆ ಎಂದು ನೆನೆಸಿಕೊಂಡರೆ ಸಾಕು.

ಊಟ ಎಂದರೆ ಉಗಾಲಿ. ಘಟ್ಟದ ಮೇಲಿನ ಮುದ್ದೆ ಗೊತ್ತಿದ್ದವರಿಗೆ ಉಗಾಲಿ ಅರ್ಧ ಗೊತ್ತಿದ್ದ ಹಾಗೆ. ಆರು ಮಂದಿಗೆ ಸುಮಾರು ಎರಡು ಲೀಟರ್ ನೀರು, ಒಂದು ಕಿಲೋ ಜೋಳದ ಹಿಟ್ಟು. ಜೋಳ ಅಂದರೆ ಇಲ್ಲಿ ಮೆಕ್ಕೆಜೋಳ. ನೀರು ಕುದಿ ಬರುವ ಹೊತ್ತಿಗೆ ಒಂದೆರಡು ಹಿಡಿ ಹಿಟ್ಟನ್ನು ತಣ್ಣೀರಿನಲ್ಲಿ ಕದಡಿ ಹಾಕಿ ಮೊದಲು ಗಂಜಿಯ ಹದಕ್ಕೆ ತರಬೇಕು. ಈ ಗಂಜಿ ಚೆನ್ನಾಗಿ ಕುದಿಯದಿದ್ದರೆ ಉಗಾಲಿಗೆ ಹಸಿ ಹಿಟ್ಟಿನ ವಾಸನೆ ಉಳಿಯುತ್ತದೆ. ಆಮೇಲೆ ಉಳಿದ ಹಿಟ್ಟನ್ನು ಸ್ವಲ್ಪ ಸ್ವಲ್ಪವೇ ಸುರಿಯುತ್ತ, ಚಪ್ಪಟೆ ಮರದ ಕೋಲಿನಿಂದ ಪಾತ್ರೆಯ ಗೋಡೆಗೆ ಒತ್ತಿ ಒತ್ತಿ ಮಗುಚಬೇಕು. ಒಮ್ಮೆಲೇ ಸುರಿದರೆ ಗಂಟು, ಒತ್ತದಿದ್ದರೂ ಗಂಟು. ಅಂಚು ಬಿಟ್ಟು ಒಂದೇ ಉಂಡೆಯಾಗಿ ತಿರುಗಲು ಶುರುವಾದರೆ ಹದ ಬಂತು. ಆ ಕೋಲಿಗೆ "ಮ್ವಿಕೊ" ಎನ್ನುತ್ತಾರೆ. "ಮ್ವಿಕೊ" ಎಂಬ ಮಾತಿಗೆ ಸ್ವಾಹಿಲಿಯಲ್ಲಿ ಇನ್ನೊಂದು ಅರ್ಥವೂ ಉಂಟು, ನಿಷಿದ್ಧ, ಮಾಡಬಾರದ್ದು ಎಂದು.

ಹಿಟ್ಟಿನಲ್ಲೇ ಒಂದು ಮಾತು ಅಡಗಿದೆ. ಸಿಪ್ಪೆ, ಮೊಳಕೆಭಾಗ ತೆಗೆದು ಬೀಸಿದ ಬಿಳಿ ಹಿಟ್ಟು "ಸೆಂಬೆ", ಇಡೀ ಕಾಳಿನದು "ದೋನಾ". ಸತ್ವ ಇರುವುದು ದೋನಾದಲ್ಲಿ, ಮರ್ಯಾದೆ ಇರುವುದು ಸೆಂಬೆಯಲ್ಲಿ. ಸೆಂಬೆಗೆ ದುಡ್ಡು ಹೆಚ್ಚು, ಅದೇ ಜೋಳಕ್ಕೆ ಹಿಟ್ಟು ಕಮ್ಮಿ. ದಿನಾ ದೋನಾ ತಿನ್ನುವ ಮನೆಯಲ್ಲಿ ಅತಿಥಿಗೆ ಹಾಲಿನಂತೆ ಬಿಳಿಯ ಉಗಾಲಿ ಬಂದರೆ ಅದರ ಅರ್ಥ ಓದಿಕೊಳ್ಳಬೇಕು. ಕುಚ್ಚಲಕ್ಕಿ ಉಣ್ಣುವ ನಮ್ಮ ಮನೆಗಳಲ್ಲಿ ನೆಂಟರಿಗೆ ಬೆಳ್ತಿಗೆ ಅನ್ನ ಮಾಡುತ್ತಿದ್ದದ್ದು ಇದೇ ಲೆಕ್ಕ. ಆರೋಗ್ಯದ ತಿಳಿವಳಿಕೆ ಹೇಳಲೆಂದೇ ಹೋದವರಿಗೆ ಮೊದಲ ಊಟದಲ್ಲೇ "ದೋನಾ ಒಳ್ಳೆಯದು, ಅದನ್ನೇ ಮಾಡಿ" ಎನ್ನುವ ಆತುರ ಇರುತ್ತದೆ. ಹೇಳಬಾರದು. ಐದಾರು ಸಲ ಉಂಡ ಮೇಲೆ, ಒಳಗಿನವರಾದ ಮೇಲೆ, ಒಲೆಯ ಹತ್ತಿರ ಕೂತು "ನಿಮಗೆ ಮಾಡಿದ್ದನ್ನೇ ನನಗೂ ಕೊಡಿ" ಅನ್ನಬಹುದು. ಆಗ ಆ ಮಾತಿಗೆ ಬೇರೆಯೇ ತೂಕ.

ಉಗಾಲಿಯ ಜೊತೆ "ಮ್ಚಿಚಾ" ಸೊಪ್ಪು. ನೋಡಿದ ಕೂಡಲೇ ಗೊತ್ತಾಗುತ್ತದೆ, ನಮ್ಮ ಹರಿವೆಯೇ. ಈರುಳ್ಳಿ, ಟೊಮೆಟೊ ಹಾಕಿ, ಸಾಧ್ಯವಿದ್ದರೆ ಕಡಲೆಕಾಯಿ ಅರೆದು ಬೇಯಿಸುತ್ತಾರೆ. ಬಲಗೈಯಲ್ಲಿ ಉಗಾಲಿ ಚಿವುಟಿ, ಅಂಗೈಯಲ್ಲಿ ಉರುಟು ಮಾಡಿ, ಹೆಬ್ಬೆರಳಿನಿಂದ ಒತ್ತಿ ಕುಳಿ ಮಾಡಿ, ಅದರಲ್ಲಿ ಸೊಪ್ಪನ್ನು ಎತ್ತಿಕೊಳ್ಳಬೇಕು. ಮುದ್ದೆಯ ಹಾಗೆ ನುಂಗುವುದಲ್ಲ, ಅಗಿಯಬೇಕು. ಕೋಳಿ ಮಾಡಿದ್ದರೆ "ಫಿರಿಗಿಸಿ" ಯಾರ ತಟ್ಟೆಗೆ ಬಂತು ನೋಡಬೇಕು. ಕೋಳಿಯ ಹೊಟ್ಟೆಯೊಳಗಿನ ಆ ಗಟ್ಟಿ ತುಂಡು ಮನೆಯ ಯಜಮಾನನಿಗೆ ಇಲ್ಲವೇ ಮಾನ್ಯ ಅತಿಥಿಗೆ ಮೀಸಲು. ಅದನ್ನು ತಟ್ಟೆಯ ಅಂಚಿಗೆ ತಳ್ಳಿದರೆ ಯಜಮಾನನ ಪಾಲನ್ನು ತಳ್ಳಿದ ಹಾಗೆ.

ಉಡುಪಿ ಕಡೆಯಿಂದ ಹೋಗುವ ಸಸ್ಯಾಹಾರಿಗಳಿಗೆ ಒಂದು ಮಾತು. ಮಾಂಸ ತಿನ್ನುವುದಿಲ್ಲ ಎಂಬುದನ್ನು ಕರೆಯುವಾಗಲೇ ಹೇಳಬೇಕು, ತಟ್ಟೆಯ ಮುಂದೆ ಅಲ್ಲ. ಅಷ್ಟು ಹೊತ್ತಿಗೆ ಕೋಳಿಯ ಜೀವ ಹೋಗಿರುತ್ತದೆ. "ಸಿಲಿ ನ್ಯಾಮಾ" ಅಂದರೂ ಸಾಲದು. "ನ್ಯಾಮಾ" ಎಂದರೆ ಅಲ್ಲಿ ದನ, ಆಡಿನ ಮಾಂಸ, ಕೋಳಿ ಬೇರೆ ಲೆಕ್ಕ, ಮೀನು ಇನ್ನೂ ಬೇರೆ. "ಸಿಲಿ ನ್ಯಾಮಾ, ಕುಕು, ವಾಲಾ ಸಮಾಕಿ" ಎಂದು ಮೂರನ್ನೂ ಹೆಸರಿಸಿ, ಕೂಡಲೇ "ನನಗೆ ಮಹರಾಗೆ ಬಹಳ ಇಷ್ಟ" ಎಂದು ಸೇರಿಸಬೇಕು. ಮಹರಾಗೆ ಎಂದರೆ ಕೆಂಪು ಅವರೆಯಂಥ ಕಾಳು, ಎಲ್ಲ ಮನೆಯಲ್ಲೂ ಇರುತ್ತದೆ. ಬೇಡ ಅನ್ನುವುದರ ಜೊತೆ ಬೇಕು ಅನ್ನುವುದನ್ನು ಹೇಳದಿದ್ದರೆ ಮನೆಯಾಕೆಗೆ ದಾರಿಯೇ ತೋರುವುದಿಲ್ಲ.

ಇನ್ನೊಂದು ಲೆಕ್ಕ ತಿಂಗಳಿನದು. ಆ ಬಯಲಿನಲ್ಲಿ ಕೊಯ್ಲು ಮೇ ತಿಂಗಳಿನಿಂದ. ಡಿಸೆಂಬರಿನಿಂದ ಫೆಬ್ರವರಿ, ಮಾರ್ಚ್‌ವರೆಗೆ ಹಳೆ ಕಾಳು ಮುಗಿಯುತ್ತ ಬಂದು, ಹೊಸದು ಇನ್ನೂ ಹಸಿರಾಗಿರುವ ಕಾಲ. ಅದು ಅವರ ಆಟಿ ತಿಂಗಳು. ಕಣಿಲೆ, ಕೆಸು, ತಜಂಕು ತಿಂದು ದಿನ ದೂಡುತ್ತಿದ್ದ ನಮ್ಮ ಹಿರಿಯರ ಆಟಿಯನ್ನು ಕೇಳಿ ಬೆಳೆದವರಿಗೆ ಜನವರಿಯಲ್ಲಿ ಬಂದ ಊಟದ ಕರೆಗೂ ಜುಲೈಯಲ್ಲಿ ಬಂದ ಕರೆಗೂ ಇರುವ ವ್ಯತ್ಯಾಸ ತಿಳಿಸಿ ಹೇಳಬೇಕಾಗಿಲ್ಲ. ಜನವರಿಯಲ್ಲಿ ಕರೆದರೆ ಹೋಗಲೇಬೇಕು, ಹೊಟ್ಟೆ ತುಂಬ ಅಲ್ಲ, ಮನಸ್ಸು ತುಂಬುವಷ್ಟು ತಿನ್ನಬೇಕು. ಹೋಗುವಾಗ ಒಂದು ಕಿಲೋ ಸಕ್ಕರೆ, ಒಂದು ಪೊಟ್ಟಣ ಚಹಾಪುಡಿ, ಒಂದು ಬಟ್ಟೆ ಸೋಪು ಹಿಡಿದುಕೊಂಡು ಹೋದರೆ ಸರಿಯಾಗುತ್ತದೆ. ಅದನ್ನು ಎಲ್ಲರೆದುರು ಬಿಚ್ಚಿ ತೋರಿಸದೆ ಒಳಗಿನವರ ಕೈಗೆ ಕೊಡಬೇಕು.

ಒಂದು ಊರ ಕೋಳಿಯ ಬೆಲೆ

ಸಿಂಗಿದಾದ "ಕುಕು ವಾ ಕಿಯೆನ್ಯೇಜಿ"ಗೆ ದೇಶವಿಡೀ ಹೆಸರು. ನಮ್ಮ ಮಾತಿನಲ್ಲಿ ಊರ ಕೋಳಿ. ಹೊರಟು ನಿಂತ ಅತಿಥಿಯ ಕೈಗೆ ಕಾಲು ಕಟ್ಟಿದ ಕೋಳಿಯನ್ನು ಕೊಡುವುದು ಅಲ್ಲಿ ದೊಡ್ಡ ಗೌರವ. ಇಲ್ಲಿಂದ ಹೋದವರು ಇದಕ್ಕೆ ಗಾಬರಿಯಾಗುವಷ್ಟು ಬೇರೆ ಯಾವುದಕ್ಕೂ ಆಗುವುದಿಲ್ಲ. "ಬೇಡ ಬೇಡ, ನಿಮಗೇ ಇರಲಿ, ಮಕ್ಕಳಿಗೆ ಮಾಡಿ ಹಾಕಿ" ಎಂದು ಎರಡೂ ಕೈಯಿಂದ ತಳ್ಳುತ್ತಾರೆ.

ಕೋಳಿ ಬಂದ ದಾರಿ ನೋಡಿ. ಊರ ಹೇಂಟೆ ಒಂದು ಸಲಕ್ಕೆ 10ರಿಂದ 15 ಮೊಟ್ಟೆ ಇಡುತ್ತದೆ, 21 ದಿನ ಕಾವು ಕೂರುತ್ತದೆ. ಮರಿಗಳಲ್ಲಿ ಎಷ್ಟೋ ಗಿಡುಗನಿಗೆ, ಚಳಿಗೆ ಹೋಗುತ್ತವೆ. ಉಳಿದವು ಮೊಟ್ಟೆಗೆ ಬರಲು ಆರು ತಿಂಗಳಾದರೂ ಬೇಕು. ನಡುವೆ ಒಣ ತಿಂಗಳಲ್ಲಿ "ಮ್ದೊಂದೊ" ಬರುತ್ತದೆ, ನಮ್ಮಲ್ಲಿ ಕೊಕ್ಕರೆ ರೋಗ ಎನ್ನುವುದು ಇದನ್ನೇ. ಬಂತೆಂದರೆ ಒಂದೇ ವಾರದಲ್ಲಿ ಊರಿನ ಗೂಡುಗಳೆಲ್ಲ ಖಾಲಿ. ಇದಕ್ಕೆ ಐ-2 ಎಂಬ ಲಸಿಕೆ ಉಂಟು, ಕಣ್ಣಿಗೆ ಒಂದು ಹನಿ, ಮೂರು ನಾಲ್ಕು ತಿಂಗಳಿಗೊಮ್ಮೆ. ಬಿಸಿಲನ್ನು ಸ್ವಲ್ಪ ತಡೆದುಕೊಳ್ಳುವ ಲಸಿಕೆಯಾದ್ದರಿಂದ ಹಳ್ಳಿಗೂ ಮುಟ್ಟುತ್ತದೆ. ಆದರೆ ಒಂದು ಬಾಟ್ಲಿಯಲ್ಲಿ ನೂರಾರು ಕೋಳಿಗೆ ಆಗುವಷ್ಟು ಇರುವುದರಿಂದ ಊರವರೆಲ್ಲ ಒಂದೇ ದಿನ ಸೇರದಿದ್ದರೆ ಉಳಿದದ್ದು ಹಾಳು. ಇಷ್ಟೆಲ್ಲ ದಾಟಿ ಬಂದ ಕೋಳಿ ಸಾಮಾನ್ಯವಾಗಿ ಮನೆಯ ಹೆಂಗಸಿನದು. ಮಗುವಿನ ಶಾಲೆಯ ಸಮವಸ್ತ್ರಕ್ಕೆ, ಆಸ್ಪತ್ರೆಯ ಚೀಟಿಗೆ ಎಂದು ಇಟ್ಟುಕೊಂಡ ಉಳಿತಾಯ. ಅದನ್ನೇ ಹಿಡಿದು ತಂದು ಕೊಡುತ್ತಿದ್ದಾಳೆ.

ಹಾಗಾದರೆ ತೆಗೆದುಕೊಳ್ಳುವುದು ಹೇಗೆ ಎಂದು ಕೇಳಬಹುದು. ಬೆಲೆ ಗೊತ್ತಿರುವುದರಿಂದಲೇ ತೆಗೆದುಕೊಳ್ಳಬೇಕು. ಮಗುವಿನ ಜ್ವರ ಇಳಿಸಿದ ನರ್ಸಿಗೆ ಅವಳು ಋಣ ತೀರಿಸುತ್ತಿಲ್ಲ, ಸಂಬಂಧ ಕಟ್ಟುತ್ತಿದ್ದಾಳೆ. ನೀನು ಕೊಡುವವಳು, ನಾನು ಪಡೆಯುವವಳು ಎಂಬ ಏಣಿಯನ್ನು ಅಡ್ಡ ಮಲಗಿಸುತ್ತಿದ್ದಾಳೆ. ತಳ್ಳಿದರೆ ಏಣಿ ಮತ್ತೆ ನೆಟ್ಟಗೆ ನಿಲ್ಲುತ್ತದೆ. ಬಲಗೈ ಮುಂದೆ ಮಾಡಿ, ಎಡಗೈಯನ್ನು ಬಲ ಮೊಣಕೈಗೆ ತಾಗಿಸಿ, ಸ್ವಲ್ಪ ಬಾಗಿ ತೆಗೆದುಕೊಳ್ಳಬೇಕು. ಹಲವೆಡೆ ಮರ್ಯಾದೆಯ ಕ್ರಮ ಅದು. ಅಲ್ಲೇ ದುಡ್ಡು ತೆಗೆದು ಕೊಡಬಾರದು, ಅದು ಉಡುಗೊರೆಯನ್ನು ವ್ಯಾಪಾರ ಮಾಡುತ್ತದೆ. ಮರುದಿನವೇ ಬದಲಿ ಉಡುಗೊರೆ ಕಳಿಸುವುದೂ ಬೇಡ, ಲೆಕ್ಕ ಚುಕ್ತಾ ಮಾಡಿದ ಹಾಗಾಗುತ್ತದೆ. ಒಂದೆರಡು ತಿಂಗಳು ಬಿಟ್ಟು, ಬೇರೆ ನೆಪದಲ್ಲಿ, ಬೇರೆ ವಸ್ತು. ನೆರೆಮನೆಯಿಂದ ಪಲ್ಯ ಬಂದ ಪಾತ್ರೆಯನ್ನು ಖಾಲಿ ಹಿಂದಿರುಗಿಸಬಾರದು, ಆದರೆ ಅದೇ ಹೊತ್ತು ಓಡಿಹೋಗಿ ಕೊಡುವುದೂ ಇಲ್ಲ ಎಂಬ ನಮ್ಮ ಮನೆಗಳ ಬುದ್ಧಿ ಅಲ್ಲೂ ಸರಿಯಾಗಿ ಕೂರುತ್ತದೆ. ಕೋಳಿಯನ್ನು ಸಾಧ್ಯವಾದರೆ ಸಾಕಬೇಕು. ಮುಂದಿನ ಸಲ ಸಿಕ್ಕಾಗ "ನೀವು ಕೊಟ್ಟದ್ದು ಈಗ ಮೊಟ್ಟೆ ಇಡುತ್ತಿದೆ" ಎಂದು ಹೇಳಿದರೆ ಆ ಮುಖದಲ್ಲಿ ಬರುವ ಬೆಳಕಿಗೆ ಯಾವ ಬದಲಿ ಉಡುಗೊರೆಯೂ ಸಮನಲ್ಲ.

ಜ್ವರದ ರಾತ್ರಿ

ಮಂಗಳೂರಿನವರಿಗೆ ಮಲೇರಿಯಾ ಹೊಸತಲ್ಲ. ಇದೇ ಅಲ್ಲಿ ಅಪಾಯಕ್ಕೆ ದಾರಿ. ನಮ್ಮೂರಿನದು ಹೆಚ್ಚಾಗಿ ವೈವಾಕ್ಸ್ ಎಂಬ ಬಗೆ: ಚಳಿ, ಜ್ವರ, ಕ್ಲೋರೋಕ್ವಿನ್ ಮಾತ್ರೆ, ಲಿವರಿನಲ್ಲಿ ಅಡಗಿದ್ದು ಮರುಕಳಿಸದಂತೆ 14 ದಿನ ಪ್ರೈಮಾಕ್ವಿನ್ ಮಾತ್ರೆ. ಸುಸ್ತು ಮಾಡುತ್ತದೆ, ಜೀವ ತೆಗೆಯುವುದು ಅಪರೂಪ. ತಾಂಜಾನಿಯಾದ್ದು ಬಹುಪಾಲು ಫಾಲ್ಸಿಪಾರಂ ಎಂಬ ಇನ್ನೊಂದು ಬಗೆ. ಚಿಕಿತ್ಸೆ ತಡವಾದರೆ ಒಂದೇ ದಿನದಲ್ಲಿ ಮಿದುಳಿಗೋ ಮೂತ್ರಪಿಂಡಕ್ಕೋ ಹೋಗಬಹುದು. "ಮಲೇರಿಯಾ ನಾವು ನೋಡದ್ದಾ ಮಾರಾಯ್ರೆ" ಎಂದು ಪ್ಯಾರಾಸಿಟಮಾಲ್ ನುಂಗಿ ಮಲಗಿದವರನ್ನು ಎಬ್ಬಿಸಿ, ರಾತ್ರಿಯೇ ಮೋಟಾರ್ ಸೈಕಲ್ ಹಿಡಿಸಿ ಕ್ಲಿನಿಕ್ಕಿಗೆ ಕರೆದೊಯ್ಯುವವರು ನೆರೆಮನೆಯವರು. ಆ ಹೊತ್ತಿನಲ್ಲಿ ಅವರ ಮಾತು ಕೇಳಬೇಕು. ಬೆರಳಿನ ಒಂದು ಹನಿ ರಕ್ತದಲ್ಲಿ ಕಾಲು ಗಂಟೆಯೊಳಗೆ ಗೊತ್ತಾಗುತ್ತದೆ. ಮಾತ್ರೆಗೆ ಅಲ್ಲಿ "ದಾವಾ ಯಾ ಮ್ಸೆತೊ", ಮಿಶ್ರ ಔಷಧಿ ಎನ್ನುತ್ತಾರೆ. ದೊಡ್ಡವರಿಗೆ ಒಂದು ಸಲಕ್ಕೆ 4 ಮಾತ್ರೆ. ಎಂಟು ಗಂಟೆ ಬಿಟ್ಟು ಎರಡನೆಯದು, ಆಮೇಲೆ ಎರಡು ದಿನ ಬೆಳಿಗ್ಗೆ ಸಂಜೆ. ಒಟ್ಟು 24. ಎರಡನೆಯ ದಿನ ಜ್ವರ ಇಳಿಯಿತೆಂದು ಉಳಿದ ಮಾತ್ರೆ ಎತ್ತಿಡುವುದು ಎಲ್ಲರೂ ಮಾಡುವ ತಪ್ಪು. ನುಂಗಿ ಒಂದು ಗಂಟೆಯೊಳಗೆ ವಾಂತಿಯಾದರೆ ಅದೇ ಪ್ರಮಾಣ ಮತ್ತೆ ಬೇಕು, ಆಗ 24 ಸಾಲುವುದಿಲ್ಲ.

ಈ ಮಾತ್ರೆ ಮೈಗೆ ಹತ್ತಬೇಕಾದರೆ ಜೊತೆಗೆ ಕೊಬ್ಬಿನ ಅಂಶ ಬೇಕು. ಬರಿ ಹೊಟ್ಟೆಯಲ್ಲಿ ನುಂಗಿದರೆ ಪೂರ್ತಿ ಕೆಲಸ ಮಾಡುವುದಿಲ್ಲ. ಜ್ವರ ಬಂದವರಿಗೆ ಊಟ ಎಲ್ಲಿ ಸೇರುತ್ತದೆ? ಆಗ ಪಕ್ಕದ ಮನೆಯಾಕೆ ಮುಚ್ಚಿದ ಪಾತ್ರೆಯಲ್ಲಿ "ಉಜಿ" ತರುತ್ತಾಳೆ. ಉಜಿ ಎಂದರೆ ಗಂಜಿಯೇ. ನಾವು ಜ್ವರದವರಿಗೆ ಕುಚ್ಚಲಕ್ಕಿ ಗಂಜಿ ಕೊಡುವ ಹಾಗೆ ಅವರು ಜೋಳದ್ದೋ ಸಜ್ಜೆಯದ್ದೋ ಕೊಡುತ್ತಾರೆ, ಹುರಿದ ಕಡಲೆಕಾಯಿ ನುಣ್ಣಗೆ ಅರೆದು ಸೇರಿಸಿ. ಆ ಕಡಲೆಕಾಯಿಯ ಎಣ್ಣೆಯೇ ಮಾತ್ರೆಗೆ ಬೇಕಾಗಿದ್ದ ಕೊಬ್ಬು. ತಂದವಳು ಇದನ್ನು ವಿವರಿಸುವುದಿಲ್ಲ. ತಟ್ಟೆ ಮುಗಿಯುವ ತನಕ ಎದುರು ಕೂತು, ಮಾತ್ರೆ ನುಂಗಿದ್ದನ್ನು ನೋಡಿ, ಹೊರಗೆ ಹೋಗಿ ಜಗಲಿಯಲ್ಲಿ ಕೂರುತ್ತಾಳೆ. ಸ್ವಲ್ಪ ಹೊತ್ತಿಗೆ ಇನ್ನಿಬ್ಬರು ಬರುತ್ತಾರೆ. ಯಾರೂ ರೋಗಿಯನ್ನು ಮಾತಾಡಿಸಿ ದಣಿಸುವುದಿಲ್ಲ, ಬಂದಾಗ "ಪೋಲೆ" ಅಂತಾರೆ, ಅಷ್ಟೇ.

"ಪೋಲೆ" ಎಂಬುದಕ್ಕೆ ಕನ್ನಡದಲ್ಲಿ ಒಂದೇ ಮಾತಿಲ್ಲ. ಕ್ಷಮೆ ಕೇಳುವುದಲ್ಲ ಅದು, ಅದಕ್ಕೆ "ಸಮಹಾನಿ" ಉಂಟು. ದಾರಿಯಲ್ಲಿ ಯಾರೋ ಎಡವಿದರೆ ನೋಡಿದ ಎಲ್ಲರೂ "ಪೋಲೆ" ಎನ್ನುತ್ತಾರೆ. ಬಿಸಿಲಲ್ಲಿ ದುಡಿಯುವವರಿಗೆ "ಪೋಲೆ ನಾ ಕಾಜಿ", ದೂರದಿಂದ ಬಂದವರಿಗೆ "ಪೋಲೆ ನಾ ಸಫಾರಿ". ನಿನ್ನ ಕಷ್ಟ ಕಂಡೆ ಎಂಬುದಷ್ಟೇ ಅದರ ಅರ್ಥ. "ನಿಮ್ಮದೇನೂ ತಪ್ಪಿಲ್ಲ ಬಿಡಿ" ಎಂದು ಉತ್ತರ ಕೊಡುವವರಿದ್ದಾರೆ, ಅದು ಮಾತು ಗೊತ್ತಿಲ್ಲದ್ದರ ಗುರುತು. "ಅಸಾಂತೆ" ಸಾಕು. ಇಲ್ಲವೇ "ನಿಮೆಶಪೋವಾ" ಅನ್ನಬಹುದು: ತಣ್ಣಗಾದೆ, ಎಂದು.

ಕೇಳುವ ಮಾತು

ಒಂದು ತಪ್ಪು ತಿಳಿವಳಿಕೆ ಮಾತ್ರ ವರ್ಷಗಟ್ಟಲೆ ಉಳಿಯುತ್ತದೆ. ಅಲ್ಲಿ ಯಾರು ಏನು ಕೇಳಬೇಕಾದರೂ "ನವೋಂಬಾ" ಎನ್ನುತ್ತಾರೆ. ಪದಶಃ ನೋಡಿದರೆ "ಬೇಡುತ್ತೇನೆ". ಅಂಗಡಿಯಲ್ಲಿ ದುಡ್ಡು ಕೊಟ್ಟು ಸಕ್ಕರೆ ಕೇಳುವಾಗಲೂ "ನವೋಂಬಾ ಸುಕಾರಿ". ಹೊಸದಾಗಿ ಹೋದವರು ನಿಘಂಟು ನೋಡಿ "ಎಲ್ಲರೂ ಬೇಡುತ್ತಲೇ ಇರುತ್ತಾರೆ" ಎಂದು ಮನೆಗೆ ಹೇಳಿ ಕಳಿಸುತ್ತಾರೆ. ಬೇಡುವುದಲ್ಲ ಅದು, ವಿನಯದಿಂದ ಕೇಳುವ ಸಾಮಾನ್ಯ ಕ್ರಮ. ನಿಜವಾಗಿ ಏನಾದರೂ ಕೇಳಲು ಬಂದರೂ ಹೆದರಬೇಕಿಲ್ಲ. ಒಂದು ಗ್ಲಾಸು ಉಪ್ಪು, ಒಂದು ಬೆಂಕಿಪೆಟ್ಟಿಗೆ ಕೇಳಲು ನೆರೆಯವರು ಬಂದ ದಿನ, ಆ ಮನೆಯನ್ನು ಅವರು ಊರಿನ ಮನೆಗಳ ಲೆಕ್ಕಕ್ಕೆ ಸೇರಿಸಿದ್ದಾರೆ ಎಂದರ್ಥ. ಪರವೂರಿನವರ ಹತ್ತಿರ ಯಾರೂ ಉಪ್ಪು ಕೇಳುವುದಿಲ್ಲ. "ಮ್ಗೆನಿ ಸಿಕು ಮ್ಬಿಲಿ, ಸಿಕು ಯಾ ತಾತು ಮ್ಪೆ ಜೆಂಬೆ" ಎಂಬ ಗಾದೆ ಅಲ್ಲಿ ಎಲ್ಲರ ಬಾಯಲ್ಲಿದೆ: ಎರಡು ದಿನ ಅತಿಥಿ, ಮೂರನೆಯ ದಿನ ಕೈಗೆ ಗುದ್ದಲಿ ಕೊಡು. ಅತಿಥಿಯನ್ನು ಓಡಿಸುವ ಮಾತು ಎಂದು ಇದನ್ನು ಕೆಲವರು ಓದುತ್ತಾರೆ. ನನಗೆ ಹಾಗೆ ತೋರುವುದಿಲ್ಲ. ಗುದ್ದಲಿ ಸಿಕ್ಕಿದವರು ಚಾಪೆಯಿಂದ ಎದ್ದು ಹೊಲಕ್ಕೆ ಇಳಿಯುತ್ತಾರೆ, ಅಲ್ಲಿಂದ ಸಂಬೋಧನೆಯೇ ಬದಲಾಗುತ್ತದೆ.

ಭಾಷೆಯ ವಿಷಯದಲ್ಲಿ ಕರಾವಳಿಯವರಿಗೆ ಒಂದು ಅನುಕೂಲ ಉಂಟು, ಅದನ್ನು ನಾವು ಬಳಸಿಕೊಳ್ಳುವುದೇ ಇಲ್ಲ. ನವೆಂಬರಿನಿಂದ ಮಾರ್ಚ್‌ವರೆಗೆ ಬೀಸುವ "ಕಸ್ಕಾಜಿ" ಗಾಳಿಯಲ್ಲಿ ಇಲ್ಲಿನ ಪತ್ತೆಮಾರಿ ಹಾಯಿಹಡಗುಗಳು ಅತ್ತ ಹೋಗಿ, ಏಪ್ರಿಲಿನ ನಂತರದ "ಕುಸಿ" ಗಾಳಿಯಲ್ಲಿ ಹಿಂದಿರುಗುತ್ತಿದ್ದವು. ಮಂಗಳೂರು ಹೆಂಚೂ ಆ ದಡ ಮುಟ್ಟಿದೆ. ಮಾತುಗಳೂ ಮುಟ್ಟಿವೆ. ಬಂದರಿಗೆ ಅಲ್ಲಿ "ಬಂದಾರಿ", ಸಾಬೂನಿಗೆ "ಸಬೂನಿ", ಗೋಣಿಗೆ "ಗುನಿಯಾ", ಮೇಜಿಗೆ "ಮೇಜಾ", ಪೇರಳೆ ಹಣ್ಣಿಗೆ "ಪೇರಾ", ಹಲಸಿಗೆ, ಅಂದರೆ ಕೊಂಕಣಿಯ ಪಣಸಿಗೆ "ಫೆನೆಸಿ". ತೆಂಗಿನಕಾಯಿ ತುರಿಯಲು ಅವರದೂ ಕೂತುಕೊಳ್ಳುವ ಮಣೆಯೇ, ಮುಂದೆ ಹಲ್ಲಿರುವ ಕಬ್ಬಿಣ. ಅದನ್ನು "ಮ್ಬುಜಿ" ಎನ್ನುತ್ತಾರೆ, ಆಡು ಎಂಬುದಕ್ಕೂ ಅದೇ ಪದ. ಪೋರ್ಚುಗೀಸರ "ಇಗ್ರೇಜಾ" ಕೊಂಕಣಿಯಲ್ಲಿ ಇಗರ್ಜ್ ಆಗಿ ಪ್ರಾರ್ಥನೆಯ ಮನೆಯಾಗಿಯೇ ಉಳಿಯಿತು. ಸ್ವಾಹಿಲಿಯಲ್ಲಿ ಅದೇ ಮಾತು "ಗೆರೆಜಾ" ಆಗಿ ಸೆರೆಮನೆಯಾಯಿತು. ಮಿಶನ್‌ಗೆ ಹೋಗುವವರು ಈ ಒಂದು ಪದದ ಮುಂದೆ ಸ್ವಲ್ಪ ಹೊತ್ತು ಕೂತರೆ ಒಳ್ಳೆಯದು.

ತಪ್ಪು ಮಾತಾಡಿದಾಗ ಅಲ್ಲಿನವರು ನಗುತ್ತಾರೆ, ಜೋರಾಗಿಯೇ. ಆ ನಗುವಿಗೆ ಕುಗ್ಗಿ ಬಾಯಿ ಮುಚ್ಚಿಕೊಂಡವರು ಕಲಿಯುವುದಿಲ್ಲ. ನಕ್ಕವರೇ ಮರುಕ್ಷಣ ಸರಿಯಾದದ್ದನ್ನು ಎರಡು ಸಲ ಹೇಳಿಕೊಡುತ್ತಾರೆ, ಮಕ್ಕಳಿಗೆ ಹೇಳಿಕೊಟ್ಟ ಹಾಗೆ.

ಹೇಳಿಕೊಟ್ಟವರು ಎಂದಾಗ ನಮ್ಮ ಊರೇ ಕಣ್ಣ ಮುಂದೆ ಬರುತ್ತದೆ. 1834ರಲ್ಲಿ ಬಾಸೆಲ್ ಮಿಶನ್ನಿನ ಮೂವರು ಮಂಗಳೂರಿಗೆ ಬಂದಿಳಿದಾಗ ಅವರಿಗೆ ಕನ್ನಡವೂ ಗೊತ್ತಿರಲಿಲ್ಲ, ತುಳುವೂ ಗೊತ್ತಿರಲಿಲ್ಲ. ಒಂಬತ್ತು ವರ್ಷದೊಳಗೆ, 1843ರ ಜುಲೈಯಲ್ಲಿ, ಆ ಮೂವರ ನಂತರ ಬಂದ ಅದೇ ಮಿಶನ್ನಿನ ಮೋಗ್ಲಿಂಗರ ಕೈಯಿಂದ ಕಲ್ಲಚ್ಚಿನಲ್ಲಿ "ಮಂಗಳೂರ ಸಮಾಚಾರ" ಪತ್ರಿಕೆ ಹೊರಬಂತು. 1853ರಲ್ಲಿ ಬಂದ ಕಿಟ್ಟೆಲರ ನಿಘಂಟು 1894ರಲ್ಲಿ ಇಲ್ಲೇ ಅಚ್ಚಾಯಿತು, ಸುಮಾರು 70,000 ಪದ. ಅಷ್ಟು ಪದಗಳನ್ನು ಯಾರೋ ಉಚ್ಚರಿಸಿ ತೋರಿಸಿದ್ದಾರೆ. ತಪ್ಪಾದಾಗ ನಕ್ಕಿದ್ದಾರೆ, ತಿದ್ದಿದ್ದಾರೆ. ಬಿಸಿಲಲ್ಲಿ ಬಂದ ಪರದೇಶಿಗೆ ಬೆಲ್ಲ ನೀರು ಇಟ್ಟ ಮನೆಗಳೂ ಇದ್ದಿರಲೇಬೇಕು. ಬಂದವರ ಹೆಸರಿನಲ್ಲಿ ನಮ್ಮಲ್ಲಿ ಕಟ್ಟಡಗಳಿವೆ, ಪ್ರತಿಮೆಗಳಿವೆ. ಹೇಳಿಕೊಟ್ಟ ಹೆಚ್ಚಿನವರ, ನೀರು ಕೊಟ್ಟವರ ಹೆಸರು ಎಲ್ಲೂ ಇಲ್ಲ. ಈಗ ನಮ್ಮವರು ಹೋಗಿ ಕೂರುತ್ತಿರುವ ಚಾಪೆಗಳ ಒಡೆಯರಿಗೂ ಹಾಗಾಗದಂತೆ, ರಜೆಯಲ್ಲಿ ಬಂದವರು ಒಬ್ಬೊಬ್ಬರ ಹೆಸರನ್ನೂ ಬರೆದಿಡಬೇಕು ಎಂದು ನನ್ನ ಒತ್ತಾಯ. ಏನು ಕಲಿಸಿದರು, ಯಾವ ತಿಂಗಳಲ್ಲಿ ಏನು ಕೊಟ್ಟರು, ಅದನ್ನೂ.

ಬೀಳ್ಕೊಡುವುದು

ಅತಿಥಿ ಎದ್ದರೆ ಭೇಟಿ ಮುಗಿಯಲಿಲ್ಲ. "ಕುಸಿಂದಿಕಿಜಾ" ಎಂಬ ಕ್ರಮ ಉಂಟು, ಹೊರಟವರ ಜೊತೆ ಸ್ವಲ್ಪ ದೂರ ನಡೆಯುವುದು. ಮನೆಯವರು ಚಪ್ಪಲಿ ಮೆಟ್ಟಿ ಜೊತೆಗೆ ಹೊರಡುತ್ತಾರೆ. ಅತಿಥಿಯ ಚೀಲ ಮಕ್ಕಳ ಕೈಗೆ ಹೋಗುತ್ತದೆ. ಬೇಗ ನಡೆಯಬಾರದು. ಒಳಗೆ ಕೂತಾಗ ಹೇಳಲಾಗದ ಮಾತು ಬರುವುದೇ ಈ ದಾರಿಯಲ್ಲಿ, ಮಗಳ ಶಾಲೆಯ ಫೀಸಿನದು, ಗಂಡನ ಕೆಮ್ಮಿನದು. ಬಾಗಿಲಲ್ಲೇ ಕೈಮುಗಿದು "ನೀವು ಒಳಗೆ ಹೋಗಿ, ಬಿಸಿಲು" ಎಂದು ಒಬ್ಬರೇ ಓಡುವವರಿಗೆ ಆ ಮಾತುಗಳು ಸಿಗುವುದಿಲ್ಲ. ದೊಡ್ಡ ಮರವೋ ದಾರಿ ಕವಲೊಡೆಯುವ ಜಾಗವೋ ಬಂದಾಗ ಅವರೇ ನಿಲ್ಲುತ್ತಾರೆ. ಚೀಲ ಹಿಂದಿರುಗಿ ಬರುತ್ತದೆ, ಬಂದದ್ದಕ್ಕಿಂತ ಭಾರವಾಗಿ. ಯಾವಾಗಲೋ ಅದರೊಳಗೆ ಕಡಲೆಕಾಯಿ ಸೇರಿರುತ್ತದೆ. ತೆರೆದು ನೋಡುವುದು ಬೇಡ, ಮನೆಗೆ ಹೋಗಿ ನೋಡಿದರಾಯಿತು.

ನಮ್ಮ ಊರಿನಲ್ಲಿ ಹೊರಡುವಾಗ "ಹೋಗ್ತೇನೆ" ಎನ್ನಬಾರದು, "ಬರ್ತೇನೆ" ಎನ್ನಬೇಕು ಎಂದು ಮಕ್ಕಳಿಗೆ ಕಲಿಸುತ್ತೇವೆ. ಅಲ್ಲಿಯೂ ಹೋಗುವ ಮಾತಿಲ್ಲ. "ತುತವೊನಾನಾ" ಎನ್ನುತ್ತಾರೆ, ಒಬ್ಬರನ್ನೊಬ್ಬರು ಕಾಣುವಾ ಎಂದು. ತುಳುವಿನಲ್ಲಿ "ತಿಕ್ಕುಗ" ಅಂದ ಹಾಗೆಯೇ.